ಚಂದ್ರಗಿರಿ ದಾಟಿ, ಬೋಟು ಹತ್ತಿ

ಮಿಷನರಿ ಅಂದ ಕೂಡಲೇ ನಮ್ಮ ಕಡೆಯವರ ಮನಸ್ಸಿಗೆ ಬರುವುದು ಉದ್ದ ಗಡ್ಡದ ಜರ್ಮನ್ ಪಾದ್ರಿಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1841ರಲ್ಲಿ ಅವರು ಹಾಕಿದ ಪ್ರೆಸ್ಸು, 1865ರ ಹಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು. ಆ ಸಾಲಿನ ಕೊನೆಗೆ ನಮ್ಮಿಬ್ಬರನ್ನು ನಿಲ್ಲಿಸಿದರೆ ಯಾರಿಗೂ ನಗು ಬರಬೇಕು. ನಾನು ನಿವೃತ್ತ ನರ್ಸು, ಇವರು ನಿವೃತ್ತ ಕನ್ನಡ ಮಾಸ್ಟ್ರು. ನನಗೆ ಮೊಣಕಾಲು ನೋವು, ಇವರಿಗೆ ಶುಗರು. ನಿಘಂಟು ಬರೆಯುವ ಯೋಗ್ಯತೆ ಇಬ್ಬರಿಗೂ ಇಲ್ಲ.

ನಮ್ಮ ಕ್ರೈಸ್ತ ಸಭೆಯಲ್ಲಿ ನಿವೃತ್ತಿಯಾದ ದಂಪತಿಗಳನ್ನು ಸೇವೆಗೆ ಕಳಿಸುವ ಒಂದು ಕ್ರಮ ಉಂಟು. ಸಂಬಳ ಇಲ್ಲ. ಬಾಡಿಗೆ, ಅಕ್ಕಿ, ಮದ್ದು ಎಲ್ಲ ನಮ್ಮ ಪೆನ್ಶನ್‌ನಿಂದಲೇ. ಮಕ್ಕಳ ಜವಾಬ್ದಾರಿ ಮುಗಿದಿರಬೇಕು, ಸಾಲ ಇರಬಾರದು, ಡಾಕ್ಟರ ಸರ್ಟಿಫಿಕೇಟು ಬೇಕು. ಬೋಧನೆ ಮಾಡಲು ಕಳಿಸುವುದಲ್ಲ ಎಂದು ಮೊದಲೇ ಖಡಾಖಂಡಿತ ಹೇಳುತ್ತಾರೆ. ಊರಿನವರು ಏನು ಕೆಲಸ ಕೊಡುತ್ತಾರೋ ಅದನ್ನು ಮಾಡಿಕೊಂಡು ಇರಬೇಕು. ಸಂದರ್ಶನದಲ್ಲಿ ಹಿರಿಯರೊಬ್ಬರು ನಮ್ಮಿಬ್ಬರ ಮುಖ ನೋಡಿ, "ನೀವು ಮನೆಯಲ್ಲಿ ಜಗಳ ಆಡ್ತೀರಾ?" ಎಂದು ಕೇಳಿದರು. ಇಬ್ಬರೂ ಒಟ್ಟಿಗೆ "ಹೌದು" ಅಂದೆವು. "ಹಾಗಾದರೆ ಅಡ್ಡಿಯಿಲ್ಲ. ಆಡದವರನ್ನು ಕಳಿಸಲಿಕ್ಕೆ ಹೆದರಿಕೆ ನಮಗೆ" ಅಂದರು. ಆ ಮಾತಿನ ಅರ್ಥ ತಿಳಿಯಲು ಒಂದು ಮಳೆಗಾಲ ಬೇಕಾಯಿತು.

ಒಡಿಶಾವೋ ಅಂಡಮಾನೋ ಸಿಗಬಹುದು ಅಂದುಕೊಂಡಿದ್ದೆವು. ಸಿಕ್ಕಿದ್ದು ನಮ್ಮದೇ ಜಿಲ್ಲೆ. ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ ವಲಿಯಪರಂಬ ಅಂತ ಒಂದು ದ್ವೀಪ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಕೆಲವು ಕಡೆ ಎಷ್ಟು ಸಪೂರ ಅಂದರೆ ಜಗಲಿಯಲ್ಲಿ ಕೂತರೆ ಹಿನ್ನೀರು ಕಾಣುತ್ತದೆ, ಹಿತ್ತಿಲಿಗೆ ಹೋದರೆ ಕಡಲು. ತೆಂಕಲಾಗಿ ನೋಡಿದರೆ ಏಳಿಮಲೆ ಗುಡ್ಡ, ನೌಕಾಪಡೆಯ ಅಕಾಡೆಮಿ ಇರುವುದು ಅಲ್ಲಿಯೇ.

ಮಂಜೇಶ್ವರ ಕಡೆಯ ಕನ್ನಡಿಗರಿಗೆ ಇದು ದೂರದ ಊರೇ. ನಮ್ಮ ಜಿಲ್ಲೆಯೊಳಗೆ ಇನ್ನೊಂದು ಗಡಿ ಉಂಟು, ಅದು ಚಂದ್ರಗಿರಿ ಹೊಳೆ. 1967ರಲ್ಲಿ ಮಹಾಜನ ಆಯೋಗ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ವರದಿ ಕೊಟ್ಟದ್ದನ್ನು ಇವರು ಈಗಲೂ ನಿನ್ನೆ ಬಂದ ಸುದ್ದಿಯಂತೆ ಹೇಳುತ್ತಾರೆ. ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಸ್ಟ್ರನ್ನೇ ಹಾಕಿ ಎಂದು ಧರಣಿ ಕೂತವರು ಇವರು. ಅಂಥವರಿಗೆ ಹೊಳೆ ದಾಟಿ, ಕನ್ನಡದ ಒಂದು ಬೋರ್ಡೂ ಇಲ್ಲದ ಕಡೆ ಮನೆ ಮಾಡಬೇಕು ಅಂದರೆ! "ಅಂಡಮಾನೇ ವಾಸಿಯಿತ್ತು, ಅಲ್ಲಿ ಹಿಂದಿಯಾದರೂ ನಡೀತಿತ್ತು" ಅಂತ ಪಿರಿಪಿರಿ ಮಾಡಿದರು. ಹೊರಡುವ ದಿನ ಮಾತ್ರ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿ ನಿಂತದ್ದೂ ಇವರೇ.

ಹೆದ್ದಾರಿಯ ಕೆಲಸ ನಡೆಯುತ್ತಿದ್ದ ಕಾಲ, ಬಸ್ಸಿನಲ್ಲಿ ಹೋದರೆ ಸೊಂಟ ಉಳಿಯುವ ಹಾಗಿರಲಿಲ್ಲ. ರೈಲಿನಲ್ಲಿ ಹೋಗಿ, ತ್ರಿಕ್ಕರಿಪುರದಲ್ಲಿ ಇಳಿದು, ರಿಕ್ಷಾದಲ್ಲಿ ಆಯಿಟ್ಟಿ ಕಡವಿಗೆ ಹೋಗಿ, ಜಲಸಾರಿಗೆ ಇಲಾಖೆಯ ಬೋಟು ಹತ್ತಿದೆವು. ಈಗ ದ್ವೀಪಕ್ಕೆ ಸೇತುವೆಯೂ ಉಂಟು, ವಾಹನಗಳೂ ಬರುತ್ತವೆ. ಆದರೆ ನಮಗೆ ಸಿಕ್ಕಿದ ಮನೆಯಿಂದ ಸೇತುವೆಗೆ ಹೋಗುವುದಕ್ಕಿಂತ ಕಡವಿಗೆ ಹೋಗುವುದೇ ಹತ್ತಿರ. ಸೇತುವೆ ಅಂದರೆ ಇಲ್ಲಿನವರು ಒಂದು ನಮೂನೆ ನಗುತ್ತಾರೆ. 2013ರಲ್ಲಿ ಮಾಡಕ್ಕಾಲಿನಲ್ಲಿ ತೂಗುಸೇತುವೆ ಉದ್ಘಾಟನೆಯಾಗಿ, ಅದೇ ಮಳೆಗಾಲದಲ್ಲಿ ಕುಸಿದು ನೀರಿಗೆ ಬಿದ್ದಿತ್ತಂತೆ.

ಮನೆ ಹಳೆಯದು, ಹಂಚಿನದು. ಮಂಚದಲ್ಲಿ ಮಲಗಿ ಮೇಲೆ ನೋಡಿದರೆ ಹಂಚಿನ ಒಳಮೈಯಲ್ಲಿ ಮಂಗಳೂರು ಕಾರ್ಖಾನೆಯ ಹೆಸರು. ಓದಲು ಬರುವ ಅಕ್ಷರ ಇಡೀ ಮನೆಯಲ್ಲಿ ಅದೊಂದೇ ಎಂದು ಇವರು ರಾತ್ರಿ ಟಾರ್ಚು ಬಿಟ್ಟು ಓದಿದರು.

ದಿನಚರಿ ಎಂತದು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ನೀರಿನ ವಿಷಯ. ಇಲ್ಲಿನ ಬಾವಿ ಆಳವಿಲ್ಲ, ನೀರು ಕೈಗೆ ಸಿಗುವಷ್ಟು ಮೇಲೆ ಉಂಟು. ಮರಳಿನಲ್ಲಿ ಇಂಗಿದ ಮಳೆನೀರು ಹಗುರ, ಕೆಳಗಿನ ಉಪ್ಪುನೀರು ಭಾರ; ಹಾಗಾಗಿ ಸಿಹಿನೀರು ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ ಅಂತ ಲೆಕ್ಕ. ಕೇಳಲಿಕ್ಕೆ ಒಳ್ಳೆಯದೇ. ಆದರೆ ಪಂಪು ಹಾಕಿ ಮೇಲಿನ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಅದೇ ಲೆಕ್ಕದಲ್ಲಿ ಮೇಲೇರಲು ನೋಡುತ್ತದೆ. ಒಮ್ಮೆ ಏರಿದ ಉಪ್ಪು ಇಳಿಯಬೇಕಾದರೆ ಮಳೆಯೇ ಬರಬೇಕು. ಆದ್ದರಿಂದ ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ ಕೊಡಪಾನದಲ್ಲಿ ಸೇದುವುದು. ಕುಡಿಯುವ ನೀರಿಗೆ ಪೈಪು ಉಂಟು, ಅದು ಬರುವ ಹೊತ್ತಿಗೆ ನಾವು ಮನೆಯಲ್ಲಿರಬೇಕು. ಏಪ್ರಿಲ್ ಬಂತು ಅಂದರೆ ಬಾವಿನೀರಿನಲ್ಲಿ ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳುಕಾಳು.

ಇನ್ನು ಗಾಳಿ. ಉಪ್ಪುಗಾಳಿಗೆ ಕಬ್ಬಿಣ ಕಂಡರೆ ಆಗುವುದಿಲ್ಲ. ಗ್ಯಾಸ್ ಒಲೆಯ ಬರ್ನರು, ಫ್ಯಾನಿನ ಸ್ಕ್ರೂ, ಕನ್ನಡಕದ ಕೀಲು, ನನ್ನ ಕತ್ತರಿ, ಒಂದೊಂದಾಗಿ ಕೆಂಪಾದವು. ಬಿ.ಪಿ. ನೋಡುವ ಮಿಷನ್ನನ್ನು ನಾನು ಅಕ್ಕಿ ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟದ್ದು ನೋಡಿ ಆಚೆಮನೆಯವರು ಬಿದ್ದುಬಿದ್ದು ನಕ್ಕರು. ಬೆಳಿಗ್ಗೆ ಎದ್ದು ಒರೆಸುವುದು, ಎಣ್ಣೆ ಹಚ್ಚುವುದು, ಒಣಗಿಸುವುದು. ಸೇವೆಗೆ ಬಂದವರ ದಿನದ ದೊಡ್ಡ ಪಾಲು ಮನೆ ಬಿದ್ದುಹೋಗದಂತೆ ನೋಡುವುದರಲ್ಲೇ ಹೋಗುತ್ತದೆ ಅಂತ ಸಂದರ್ಶನದಲ್ಲಿ ಯಾರೂ ಹೇಳಿರಲಿಲ್ಲ.

ಜನ ನಮ್ಮನ್ನು ಏನೆಂದುಕೊಂಡರು ಎನ್ನುವುದು ಬೇರೆಯೇ ಕಥೆ. ಮತಾಂತರಕ್ಕೆ ಬಂದವರೋ ಅಂತ ಸಂಶಯ ಪಡುತ್ತಾರೆ, ಪಂಚಾಯತಿಗೆ ಹೋಗಿ ನಾವು ಯಾರು, ಯಾಕೆ ಬಂದೆವು ಅಂತ ಮೊದಲೇ ತಿಳಿಸಬೇಕು ಅಂತ ನಾವು ಜಾಗ್ರತೆ ಮಾಡಿದ್ದೆವು. ತಿಳಿಸಿದೆವು ಕೂಡ. ಕೆಲವರು ನೇರವಾಗಿಯೇ ಕೇಳಿದರು, ಇವರು ನೇರವಾಗಿಯೇ ಉತ್ತರ ಹೇಳಿದರು, ಅಲ್ಲಿಗೆ ಮುಗಿಯಿತು. ಆದರೆ ಹೆಂಗಸರ ನಡುವೆ ಹಬ್ಬಿದ ಸುದ್ದಿ ಬೇರೆ. ಮಕ್ಕಳು ಮನೆಯಿಂದ ಹೊರಗೆ ಹಾಕಿದ್ದಾರೆ, ಪಾಪ, ಹೇಳಲು ನಾಚಿಕೆಪಟ್ಟು ಸೇವೆ ಅಂತ ಹೇಳುತ್ತಾರೆ! ಗಲ್ಫಿನಲ್ಲಿ ಮಕ್ಕಳಿರುವ, ದೊಡ್ಡ ಮನೆಯಲ್ಲಿ ಒಬ್ಬೊಬ್ಬರೇ ಇರುವ ತಾಯಂದಿರ ಊರಿನಲ್ಲಿ ಈ ಸುದ್ದಿಗೆ ರೆಕ್ಕೆ ಬರಲು ಎಷ್ಟು ಹೊತ್ತು? ಬೆಳಿಗ್ಗೆ ಒಬ್ಬರು ಪತ್ತಿರಿ ತಂದುಕೊಟ್ಟರೆ ಸಂಜೆ ಇನ್ನೊಬ್ಬರು ಮೀನು ಸಾರು. ನಮ್ಮ ಮಗ ಬೆಂಗಳೂರಿನಿಂದ ರಜೆಯಲ್ಲಿ ಬಂದವನು ಬೋಟಿನಿಂದ ಇಳಿಯುವ ಮೊದಲೇ ಕಡವಿನಲ್ಲಿ ಕೂತ ಮುದುಕರೊಬ್ಬರು ಅವನಿಗೆ ಮಲಯಾಳದಲ್ಲಿ ಸರಿಯಾಗಿ ಬೈದರು. ಅವನಿಗೆ ಅರ್ಧ ಅರ್ಥವಾಯಿತು. ಉಳಿದ ಅರ್ಧ ನಾನು ಹೇಳಲಿಲ್ಲ.

ಇವರಿಗೆ ಮಲಯಾಳ ಅಂಗಡಿ ವ್ಯವಹಾರಕ್ಕಾಗುವಷ್ಟು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ ಟೀಚರ್ ಆದಳು. ಜಗಲಿಯಲ್ಲಿ ಸ್ಲೇಟು ಹಿಡಿದು ಇವರು ಕೆಳಗೆ, ಅವಳು ಮೆಟ್ಟಿಲ ಮೇಲೆ. "ಮಾಷೇ, ನಿನ್ನೆ ಹೇಳಿದ್ದು ಮರೆತಿರಾ?" ಅಂತ ಅವಳು ಗದರಿಸುವುದನ್ನು ಒಳಗಿನಿಂದ ಕೇಳಲು ನನಗೆ ಪರಮಾನಂದ. ಧರಣಿ ಕೂತ ಮಾಸ್ಟ್ರೇ ಇವರು ಅಂತ ಯಾರಾದರೂ ಹಳೆ ಶಿಷ್ಯರು ಬಂದು ನೋಡಬೇಕಿತ್ತು. ಓದಲು ಬಂದ ಮೇಲೆ ಇವರಿಗೊಂದು ಕೆಲಸವೂ ಸಿಕ್ಕಿತು. ಪೆನ್ಶನ್ ಮಸ್ಟರಿಂಗ್‌ಗೆ, ಅಂದರೆ ಬದುಕಿದ್ದೇವೆ ಅಂತ ಬೆರಳೊತ್ತಿ ತೋರಿಸಲಿಕ್ಕೆ, ಮುದುಕಿಯರನ್ನು ಸರಕಾರಿ ಕಂಪ್ಯೂಟರ್ ಸೇವೆಯ ಅಕ್ಷಯ ಕೇಂದ್ರಕ್ಕೆ ಕರಕೊಂಡು ಹೋಗುವುದು. ಜೀವಮಾನವಿಡೀ ಹಗ್ಗ ಹೊಸೆದು, ಚಿಪ್ಪು ಸುಲಿದು ಬೆರಳಿನ ಗೆರೆ ಸವೆದುಹೋದವರು. ಮಿಷನ್ನಿನ ಮೇಲೆ ಬೆರಳಿಟ್ಟರೆ ಅದು ಒಪ್ಪುವುದಿಲ್ಲ. ಒರೆಸಿ ಇನ್ನೊಮ್ಮೆ, ಎಡಗೈಯದು ಒಮ್ಮೆ, ಹೆಬ್ಬೆರಳು ಒಮ್ಮೆ. ಸಾಲಿನಲ್ಲಿ ಹಿಂದೆ ನಿಂತವರಿಗೆ ಸಿಟ್ಟು. ಇವರು ಮಾತ್ರ ಕಾಪಿ ತಿದ್ದುವ ತಾಳ್ಮೆಯಲ್ಲಿ ನಿಲ್ಲುತ್ತಾರೆ. ಮನೆಯಲ್ಲಿ ಒಂದು ಲೋಟ ಸಿಗದಿದ್ದರೆ ಬೊಬ್ಬೆ ಹಾಕುವ ಮನುಷ್ಯ ಇವರೇನಾ ಅಂತ ನನಗೆ ಆಶ್ಚರ್ಯ.

ನನ್ನ ಕೆಲಸ ಪಾಲಿಯೇಟಿವ್ ತಂಡದ ಜೊತೆ, ಅಂದರೆ ವಾಸಿಯಾಗದ ರೋಗದವರ ನೋವು ಇಳಿಸಿ ನೋಡಿಕೊಳ್ಳುವವರ ಜೊತೆ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಈ ಕೆಲಸಕ್ಕೆ 2008ರಲ್ಲಿ ಸರಕಾರ ನೀತಿಯನ್ನೇ ಮಾಡಿತು. ಈಗ ಪಂಚಾಯತಿಗಳಲ್ಲಿ ನರ್ಸು, ಆಶಾ ಕಾರ್ಯಕರ್ತೆ, ಊರಿನ ನಾಲ್ಕು ಜನ ಸೇರಿ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಅವರ ಪಟ್ಟಿ ಉದ್ದ, ದಿನ ಚಿಕ್ಕದು. ಡ್ರೆಸ್ಸಿಂಗ್ ಮಾಡಿ, ಕೆಥೀಟರ್ ಬದಲಿಸಿ, ಮದ್ದು ಕೊಟ್ಟು, ಇನ್ನೊಂದು ಮನೆಗೆ ಓಡಬೇಕು. ನನಗೆ ಓಡುವ ಗರಜಿಲ್ಲ, ಓಡಲು ಮೊಣಕಾಲೂ ಬಿಡುವುದಿಲ್ಲ. ಅವರು ಹೋದ ಮೇಲೆ ನಾನು ಉಳಿಯುತ್ತೇನೆ.

ಒಬ್ಬ ಉಮ್ಮ ಇದ್ದರು, ಪ್ರಾಯವಾದ ಮುಸ್ಲಿಂ ತಾಯಿ. ಎದೆಯ ಕ್ಯಾನ್ಸರು ಹುಣ್ಣಾಗಿ ಒಡೆದಿತ್ತು. ನೋವಿಗಿಂತ ಅವರನ್ನು ಹಿಂಸೆ ಮಾಡಿದ್ದು ವಾಸನೆ. ತಾವಾಗಿಯೇ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಸಿಕೊಂಡಿದ್ದರು. ಊಟದ ತಟ್ಟೆ ಹೊಸ್ತಿಲಲ್ಲಿ ಇಟ್ಟರೆ ಸಾಕು, ಒಳಗೆ ಬರಬೇಡಿ ಅನ್ನುವರು. ಇದಕ್ಕೆ ಪಾಲಿಯೇಟಿವ್‌ನವರ ಮದ್ದು ಬಹಳ ಸುಲಭದ್ದು, ಬಹಳ ಕ್ರಯದ್ದೂ ಅಲ್ಲ. ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ, ಆ ನೀರಿನಲ್ಲಿ ಹುಣ್ಣನ್ನು ಮೆಲ್ಲ ತೊಳೆಯುವುದು. ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸುವುದು. ಮೇಲೆ ಹಳೆಯ ಹತ್ತಿಬಟ್ಟೆಯ ತುಂಡು. ಬಟ್ಟೆಯನ್ನು ಒಗೆದು, ಮಡಚಿ, ಡಬ್ಬಿಯಲ್ಲಿಟ್ಟು, ಕುಕ್ಕರಿನಲ್ಲಿ ಬೇಯಿಸಿದರೆ ಆಸ್ಪತ್ರೆಯ ಬಟ್ಟೆಯಷ್ಟೇ ಶುದ್ಧ. ಅಂಟಿಕೊಂಡ ಹಳೆ ಬಟ್ಟೆಯನ್ನು ಎಳೆಯಬಾರದು, ನೆನೆಸಿ ನೆನೆಸಿ ತಾನಾಗಿ ಬಿಡುವವರೆಗೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಉಮ್ಮ ಮಾತಾಡುವರು. ಅವರ ಮದುವೆಗೆ ದಿಬ್ಬಣ ದೋಣಿಯಲ್ಲಿ ಬಂದದ್ದು, ಅಮಾವಾಸ್ಯೆಯ ಇಳಿತಕ್ಕೆ ಸಿಕ್ಕಿ ದೋಣಿ ಕೆಸರಿನಲ್ಲಿ ಕೂತದ್ದು, ಮದುಮಗ ಲುಂಗಿ ಎತ್ತಿ ಕಟ್ಟಿ ದೋಣಿ ದೂಡಿದ್ದು.

ಕೆಲವು ದಿನಗಳಲ್ಲಿ ವಾಸನೆ ಇಳಿಯಿತು. ಹುಣ್ಣು ವಾಸಿಯಾಗುವಂಥದ್ದಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಕೋಣೆಯ ಬಾಗಿಲು ತೆರೆದಿತ್ತು, ಮೊಮ್ಮಗಳು ಅವರ ಮಂಚದಲ್ಲೇ ಕೂತು ಮೊಬೈಲಿನಲ್ಲಿ ಅವರಿಗೆ ಏನೋ ತೋರಿಸುತ್ತಿದ್ದಳು. ಉಮ್ಮ ನನ್ನನ್ನು ನೋಡಿ, "ಈಗ ಬರಬೇಡಿ ಸಿಸ್ಟರೇ, ಸ್ವಲ್ಪ ಕಳೆದು ಬನ್ನಿ" ಅಂದರು. ನಾನು ಹೊರಗೆ ಜಗಲಿಯಲ್ಲಿ ಚಹಾ ಕುಡಿದೆ. ನನ್ನ ಸರ್ವಿಸಿನಲ್ಲಿ ವಾರ್ಡುಗಳಲ್ಲಿ ಎಷ್ಟೋ ಹುಣ್ಣು ತೊಳೆದಿದ್ದೇನೆ, ಹೀಗೆ ಒಂದು ಹುಣ್ಣಿನ ಪಕ್ಕ ಕೂತು ಪೂರ್ತಿ ಒಂದು ಮದುವೆಯ ಕಥೆ ಕೇಳಲು ಯಾವ ಡ್ಯೂಟಿಯಲ್ಲೂ ಪುರುಸೊತ್ತು ಸಿಕ್ಕಿರಲಿಲ್ಲ. ಪ್ರಾಯವಾದವರನ್ನು ಯಾಕೆ ಕಳಿಸುತ್ತಾರೆ ಅಂತ ಕೇಳುವವರಿಗೆ ನನ್ನ ಹತ್ತಿರ ಇದಕ್ಕಿಂತ ಬೇರೆ ಉತ್ತರ ಇಲ್ಲ. ಯುವಕರಿಗೆ ಬೋಟು ತಪ್ಪಬಾರದು. ನಮಗೆ ತಪ್ಪಿದರೂ ನಡೆಯುತ್ತದೆ. ಮುದುಕಿಯ ಕೋಣೆಗೆ ಮುದುಕಿ ಹೋದರೆ ಸೆರಗು ಸರಿಮಾಡಿಕೊಳ್ಳುವ ಗಡಿಬಿಡಿಯೂ ಇಲ್ಲ.

ಹಳೆಯ ಹತ್ತಿಬಟ್ಟೆಗೆ ಈ ದ್ವೀಪದಲ್ಲಿ ಇನ್ನೊಬ್ಬ ಗಿರಾಕಿ ಉಂಟು, ಕಲ್ಲುಮ್ಮಕಾಯಿ. ಕಡುಹಸಿರು ಚಿಪ್ಪಿನ ಈ ಜೀವಿಯನ್ನು ಹಗ್ಗದಲ್ಲಿ ಬೆಳೆಸುವ ಕ್ರಮವನ್ನು 1990ರ ದಶಕದಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇಲ್ಲಿ ಹಬ್ಬಿಸಿದರು. ಮಳೆಗಾಲ ಕಳೆದು ಹಿನ್ನೀರು ಉಪ್ಪಾಗುತ್ತಿದ್ದ ಹಾಗೆ, ನವೆಂಬರ್ ಡಿಸೆಂಬರ್‌ನಲ್ಲಿ, ಅಂಗಳಗಳಲ್ಲಿ ಹೆಂಗಸರು ಸಾಲಾಗಿ ಕೂರುತ್ತಾರೆ. ಸಮುದ್ರದ ಬಂಡೆಗಳಿಂದ ಕಿತ್ತು ತಂದ ಬೆರಳುಗುರಿನಷ್ಟು ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳು ಬಟ್ಟೆ ಸುತ್ತಿ, ಉದ್ದಕ್ಕೂ ಹೊಲಿಯುವುದು. ಆ ಹಗ್ಗವನ್ನು ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೆಲವು ದಿನಗಳಲ್ಲಿ ಕೊಳೆತು ಹೋಗುತ್ತದೆ, ಅಷ್ಟರೊಳಗೆ ಮರಿಗಳು ತಮ್ಮ ನೂಲು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಹೊಲಿಗೆ ಬಿಗಿಯಾದರೆ ಮರಿ ಸಾಯುತ್ತದೆ, ಸಡಿಲಾದರೆ ಉದುರುತ್ತದೆ. ನಾನೂ ಕೂತು ಹೊಲಿದಿದ್ದೇನೆ. ಗಾಯ ಹೊಲಿದ ಕೈ, ಒಳ್ಳೆಯ ಹೆಸರು ಬಂತು. ಆ ಸಾಲಿನಲ್ಲಿ ಕೂತಾಗ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರು ಮಾತ್ರೆ ನುಂಗದೆ ಕಿಟಕಿಯಿಂದ ಎಸೆಯುತ್ತಾರೆ ಎಂಬ ವರದಿ ಪೂರ್ತಿ ಸಿಗುತ್ತದೆ. ಯಾವ ರಿಜಿಸ್ಟರಿನಲ್ಲೂ ಅಷ್ಟು ಇರುವುದಿಲ್ಲ. ಆದರೆ ಹಳೆ ಪಂಚೆ ಮಾತ್ರ ಅವರು ನನಗೆ ಬಿಡುವುದಿಲ್ಲ, ನಾನು ಅವರಿಗೆ ಬಿಡುವುದಿಲ್ಲ. ಕೊನೆಗೆ ಊರಿನಿಂದ ನಾದಿನಿಯ ಹತ್ತಿರ ಒಂದು ಗೋಣಿ ಹಳೆ ಬಟ್ಟೆ ತರಿಸಿದೆ.

ಏಪ್ರಿಲ್ ಮೇಯಲ್ಲಿ ಕೊಯ್ಲು. ಮಳೆ ಬಂದು ಹೊಳೆನೀರು ನುಗ್ಗಿತೋ, ಉಪ್ಪು ಇಳಿದು ಎಲ್ಲ ಸಾಯುತ್ತದೆ; ಆದ್ದರಿಂದ ಎಲ್ಲರ ಕಣ್ಣೂ ಆಕಾಶದ ಮೇಲೆ. ಆಗ ಸಿಗುವ ಅರಿಕ್ಕಡುಕ್ಕ, ಅಂದರೆ ಚಿಪ್ಪಿನೊಳಗೆ ಅಕ್ಕಿ ತೆಂಗಿನಕಾಯಿ ಅರೆದು ತುಂಬಿಸಿ, ಬೇಯಿಸಿ, ಮಸಾಲೆ ಹಚ್ಚಿ ಕರಿದದ್ದು, ಇವರ ಶುಗರಿಗೂ ನನ್ನ ಕೊಲೆಸ್ಟ್ರಾಲಿಗೂ ಒಳ್ಳೆಯದಲ್ಲ. ನಮ್ಮೂರ ಚಿಪ್ಪಿನ ಅಡಿಗೆ ಮರುವಾಯಿ ಪುಂಡಿ ತಿಂದು ಬೆಳೆದವರಿಗೆ ಬೇಡ ಅನ್ನಲು ಬಾಯಿ ಬರುತ್ತದಾ?

ಓಣಂ ಸಮಯದಲ್ಲಿ ಇಡಯಿಲಕ್ಕಾಡಿಗೆ ಹೋಗಿದ್ದೆವು. ಹಿನ್ನೀರಿನ ನಡುವಿನ ಆ ತುಂಡು ನೆಲದಲ್ಲಿ ಒಂದು ನಾಗಬನದಂಥ ಕಾವು, ತುಂಬ ಮಂಗಗಳು. ಓಣಂಗೆ ಮಕ್ಕಳು ಮಂಗಗಳಿಗೆ ಎಲೆ ಹಾಕಿ ‘ಸದ್ಯ’, ಅಂದರೆ ಓಣಂ ಊಟ, ಬಡಿಸುತ್ತಾರೆ. ಅನ್ನಕ್ಕೆ ಉಪ್ಪು ಹಾಕುವುದಿಲ್ಲ. "ನನ್ನ ಎಲೆಯ ಹಾಗೆಯೇ" ಅಂದರು ಇವರು. ಡಾಕ್ಟರು ಇವರಿಗೆ ಉಪ್ಪು ಕಡಿಮೆ ಮಾಡಿ ಅಂದ ವಾರ ಅದು.

ಮಳೆಗಾಲವೇ ಪರೀಕ್ಷೆ. ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲಿಂಗ್ ನಿಷೇಧ. ನಮ್ಮ ಕರ್ನಾಟಕದ ನೆಂಟರಿಗೆ 61 ದಿನ. ದೊಡ್ಡ ಬೋಟುಗಳಿಲ್ಲ, ಮೀನು ಕಡಿಮೆ, ಕೈಯಲ್ಲಿ ದುಡ್ಡು ಕಡಿಮೆ, ರೋಗ ಜಾಸ್ತಿ. ರಾತ್ರಿ ಕಡಲು ಹಿತ್ತಿಲಿನ ತೆಂಗಿನ ಬುಡದವರೆಗೆ ಬಂದು ಹೋಗುತ್ತದೆ, ಬೆಳಿಗ್ಗೆ ನೋಡಿದರೆ ಬೇರು ಹೊರಗೆ. ಗಾಳಿ ಜೋರಾದರೆ ಬೋಟು ಇಲ್ಲ, ಕರೆಂಟು ಇಲ್ಲ, ಫೋನು ಇಲ್ಲ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಮಾವಿನ ಮಿಡಿ, ನಾವಿಬ್ಬರು.

ಇಡೀ ಸರ್ವಿಸಿನಲ್ಲಿ ನಾವಿಬ್ಬರು ಹಗಲಿಡೀ ಒಂದೇ ಸೂರಿನಡಿ ಇದ್ದವರಲ್ಲ. ಇವರಿಗೆ ಶಾಲೆ, ನನಗೆ ಶಿಫ್ಟು. ಇಲ್ಲಿ ಇವರು ಅಡಿಗೆಕೋಣೆಯ ಡಬ್ಬಿಗಳಿಗೆ ಅಕಾರಾದಿಯಾಗಿ ಚೀಟಿ ಅಂಟಿಸಿದರು. ಅವಲಕ್ಕಿ ಮೊದಲು, ಸಾಸಿವೆ ಕೊನೆಗೆ. ಒಗ್ಗರಣೆ ಹೊತ್ತಿಗೆ ನಾನು ಕೋಣೆಯ ಆ ತುದಿಗೆ ಓಡಬೇಕು. ಮೂರು ದಿನ ಮಾತು ಬಿಟ್ಟೆವು; ಮಾತಾಡಲು ಬೇರೆ ಜನವೂ ಇಲ್ಲದ ಮಳೆಯಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ. ಆ ಹಿರಿಯರು ಜಗಳದ ವಿಷಯ ಯಾಕೆ ಕೇಳಿದರು ಅಂತ ಆಗ ಗೊತ್ತಾಯಿತು. ಜಗಳ ಆಡಿ ಅಭ್ಯಾಸ ಇಲ್ಲದವರು ನಾಲ್ಕನೇ ದಿನ ಪೆಟ್ಟಿಗೆ ಕಟ್ಟುತ್ತಾರೆ. ನಾವು ಸಾಸಿವೆ ಡಬ್ಬಿಯನ್ನು ಒಲೆಯ ಹತ್ತಿರ ತಂದು ರಾಜಿಯಾದೆವು.

ಭಾನುವಾರ ಬೋಟು ಇದ್ದರೆ ಆಚೆ ದಡದ ಮಲಯಾಳ ಆರಾಧನೆಗೆ. ಇಲ್ಲದಿದ್ದರೆ ಜಗಲಿಯಲ್ಲೇ ಇಬ್ಬರೂ ಕನ್ನಡ ಕೀರ್ತನೆ ಹಾಡುತ್ತೇವೆ. ಇವರದು ಶ್ರುತಿ ಇಲ್ಲ, ನನ್ನದು ಉಸಿರು ಇಲ್ಲ. ಟೀಚರ್ ಹುಡುಗಿ ಗೋಡೆಯಾಚೆಯಿಂದ ಕೇಳಿ, ಯಕ್ಷಗಾನವಾ ಅಂತ ಕೇಳಿದಳು.

ನಮ್ಮ ಅವಧಿ ಮುಗಿಯುತ್ತಾ ಬಂದಿದೆ. ನಮ್ಮ ನಂತರ ಬರುವ ದಂಪತಿ ಮೊನ್ನೆ ಫೋನು ಮಾಡಿದ್ದರು. ಆಕೆ ಬ್ಯಾಂಕಿನಲ್ಲಿದ್ದವರು, ಅವರ ಯಜಮಾನರು ಕೃಷಿಯವರು. ಎಂತೆಲ್ಲ ತರಬೇಕು ಅಂತ ಬರೆದುಕೊಳ್ಳಲು ಪೆನ್ನು ಹಿಡಿದಿದ್ದರು. ಸ್ಟೀಲಿನ ಕಪಾಟು ಬೇಡ, ಮರದ್ದೇ ಇಲ್ಲಿ ಉಂಟು. ಒಳ್ಳೆಯ ರೇಷ್ಮೆ ಸೀರೆ ಬೇಡ. ಟಾರ್ಚು ಎರಡು, ಛತ್ರಿ ಎರಡು, ಮೊಣಕಾಲಿನ ಎಣ್ಣೆ ದೊಡ್ಡ ಬಾಟ್ಲಿ. ಮಕ್ಕಳನ್ನು ಮೊದಲ ತಿಂಗಳಲ್ಲೇ ಒಮ್ಮೆ ಕರೆಸಿ ಊರಿನವರಿಗೆ ತೋರಿಸಿಬಿಡಿ. ಹಳೆ ಪಂಚೆ, ಹಳೆ ಹತ್ತಿ ಸೀರೆ ಎಷ್ಟಿದ್ದರೂ ತನ್ನಿ. "ಬೈಬಲ್ ತರಗತಿ ಏನಾದರೂ ನಡೆಸಲಿಕ್ಕುಂಟಾ?" ಅಂತ ಕೇಳಿದರು ಆಕೆ. ನಡೆಸುವುದು ಬೇಡ, ಮೊದಲು ಹೊಲಿಯಲು ಕಲಿತುಕೊಂಡು ಬನ್ನಿ ಅಂದೆ. ಇವರು ಹಿಂದಿನಿಂದ, "ಮಲಯಾಳ ಅಕ್ಷರಮಾಲೆಯನ್ನೂ ಬರೆದುಕೊಳ್ಳಲು ಹೇಳು. ಇಲ್ಲಿನ ಟೀಚರ್ ಬಹಳ ಸ್ಟ್ರಿಕ್ಟು" ಅಂತ ಕೂಗಿದರು.